ಗೋಡೆಗೆ ಮಣ್ಣು ಮೆತ್ತಿದ ಶುಕ್ರವಾರ

ಹುಲ್ಲು ಬೆರೆಸಿದ ಹಸಿ ಮಣ್ಣಿನ ವಾಸನೆ ಬಂದರೆ ನನಗೆ ಈಗಲೂ ದುಬೈನ ಒಂದು ಶುಕ್ರವಾರ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಊರಿನಲ್ಲಿ ಅಜ್ಜಿ ತೀರಿಕೊಂಡಿದ್ದರು. ಹೋಟೆಲಿನ ಕೆಲಸಕ್ಕೆ ರಜೆ ಸಿಗದೆ ಅಮ್ಮನಿಗೆ ಹೋಗಲಾಗಿರಲಿಲ್ಲ. ಅವಳು ಅತ್ತೂ ಇರಲಿಲ್ಲ. ಮನೆಯಲ್ಲಿ ಕೂರಲಾರದೆ ನನ್ನನ್ನು ಕರಕುಶಲ ಮೇಳಕ್ಕೆ ಕರೆತಂದಿದ್ದಳು.

ಅಲ್ಲಿ ಅಮೆರಿಕದ ಪ್ಯೂಬ್ಲೊ ಎಂಬ ಮೂಲನಿವಾಸಿ ಜನರ ಮುದುಕಿಯೊಬ್ಬರು ಮಾದರಿ ಮನೆಯ ಗೋಡೆಗೆ ಬರಿಗೈಯಲ್ಲಿ ಮಣ್ಣು ಮೆತ್ತುತ್ತಿದ್ದರು.

"ಸೆಗಣಿ ಹಾಕುದಿಲ್ವಾ ಕೇಳು ಮಾರಾಯ್ತಿ," ಎಂದಳು ಅಮ್ಮ. ನಾನು ನಾಚುತ್ತ ಇಂಗ್ಲಿಷಿನಲ್ಲಿ ಕೇಳಿದೆ.

ಮುದುಕಿ ನಕ್ಕರು. "ಇಲ್ಲ, ಹುಲ್ಲು ಮಾತ್ರ. ನಮ್ಮ ಮನೆಗಳು ಎದುರಿನ ಗುಡ್ಡದ ಮಣ್ಣಿನವು. ಆಗಾಗ ಮೆತ್ತದಿದ್ದರೆ ಮಳೆಗೆ ಕರಗಿ ಮತ್ತೆ ಗುಡ್ಡಕ್ಕೇ ಸೇರುತ್ತವೆ. ಅದಕ್ಕೇ ಊರವರೆಲ್ಲ ಸೇರಿ ಮೆತ್ತುತ್ತೇವೆ."

ಅಮ್ಮ ಬಳೆ ಮೇಲೆ ಸರಿಸಿ ಮಣ್ಣಿಗೆ ಕೈ ಹಾಕಿದಳು. ಅವಳ ಅಂಗೈ ಗೋಡೆಯ ಮೇಲೆ ಬೀಸಣಿಗೆಯಂತೆ ಹರಡುತ್ತ ಸಾಗಿತು. ಮುದುಕಿ ತಮ್ಮ ಕೆಲಸ ನಿಲ್ಲಿಸಿ ನೋಡಿದರು.

"ಯಾರು ಕಲಿಸಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಾನೇ ಇಂಗ್ಲಿಷಿನಲ್ಲಿ, "ನನ್ನಮ್ಮ," ಎಂದಳು. ಗೋಡೆಯ ಮೇಲೆ ಇನ್ನೊಮ್ಮೆ ಅಂಗೈ ಎಳೆದು, "ಈಗಿಲ್ಲ," ಎಂದಳು. ಆಗ ಅವಳಿಗೆ ಅಳು ಬಂತು.

ಮುದುಕಿ ಇನ್ನೊಂದು ಮಣ್ಣಿನ ಮುದ್ದೆಯನ್ನು ಅವಳ ಕೈಗಿಟ್ಟರು. ಮೇಳ ಮುಚ್ಚುವ ಹೊತ್ತಾಗಿ ಕಾವಲುಗಾರ ಬಂದು "ಖಲಾಸ್" ಎಂದಾಗಲೂ ಇಬ್ಬರೂ ಮೆತ್ತುತ್ತಲೇ ಇದ್ದರು. ಅವನು ಅಮ್ಮನ ಮುಖ ನೋಡಿ ಸುಮ್ಮನೆ ಮುಂದಿನ ಮಳಿಗೆಗೆ ಹೋದ.

ನಮ್ಮ ಮನೆಯಿದ್ದ ಡಿಸ್ಕವರಿ ಗಾರ್ಡನ್ಸಿಗೆ ಹೋಗುವ ಬಸ್ಸಿನಲ್ಲಿ ಅಮ್ಮ ನನ್ನತ್ತ ತಿರುಗಿ ಕೂತಳು.

"ನಿನ್ನಜ್ಜಿ ಅಂಗಳ ಸಾರಿಸಿದ್ರೆ ಹೇಗಿರ್ತಿತ್ತು ಗೊತ್ತುಂಟಾ?" ಎಂದು ಶುರು ಮಾಡಿದಳು.