ಡಯೋಜನೀಸನ ಪರ ಒಂದು ಮಾತು

ಹೊಸ ಟೀಚರಮ್ಮ ಚೀಟಿ ಹಿಡಿದು ಎದ್ದಾಗ ಸ್ಟಾಫ್ ರೂಮಿನವರೆಲ್ಲ ಅವಳತ್ತ ತಿರುಗಿದರು. ಗ್ರೀಸ್, ರೋಮಿನ ಹಳೆಯ ಘಟಾನುಘಟಿಗಳನ್ನು ಜೋಡಿ ಜೋಡಿಯಾಗಿ ಸೆಣಸಿಗೆ ಬಿಟ್ಟು, ಯಾರು ದೊಡ್ಡವರೆಂದು ಶಿಕ್ಷಕರು ವಾದಿಸುವ ಪಂದ್ಯಾವಳಿ ಅಂದು ಫೈನಲ್ ಮುಟ್ಟಿತ್ತು. ಸೀಸರ್, ಕ್ಲಿಯೋಪಾತ್ರ ಎಲ್ಲರೂ ಮಣ್ಣು ಮುಕ್ಕಿ, ಬೋರ್ಡಿನ ಮೇಲೆ ಉಳಿದದ್ದು ಅಲೆಕ್ಸಾಂಡರ್ ಮತ್ತು ಡಯೋಜನೀಸ್. ಅಲೆಕ್ಸಾಂಡರನ ಪರ ಹೆಡ್‌ಮಾಸ್ಟರರು ಗುಡುಗಿ ಕೂತಿದ್ದರು. ಡಯೋಜನೀಸನ ಪರ ಮಾತಾಡಬೇಕಾದ ಈ ಹೊಸಬಳ ದನಿಯನ್ನೇ ಅಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ.

"ಪೀಪಾಯಿಯಲ್ಲಿ ವಾಸಿಸುತ್ತಿದ್ದ ಈ ಜ್ಞಾನಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ಅಲೆಕ್ಸಾಂಡರನೇ ಬಂದು, ಏನು ಬೇಕು ಕೇಳು ಅಂದ" ಎಂದು ಓದುವಷ್ಟರಲ್ಲಿ ಅವಳು ಸಾಲು ತಪ್ಪಿ, ಚೀಟಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಹುಡುಕತೊಡಗಿದಳು. ಹೆಡ್‌ಮಾಸ್ಟರರಿಗೆ ಕರುಳು ಚುರುಕ್ ಎಂದಿತು. ಎದ್ದು ಬಂದು, ಕಿಟಕಿಗೆ ಬೆನ್ನು ಮಾಡಿ ನಿಂತು ಮೆಲ್ಲಗೆ ಕೇಳಿದರು: "ಏನು ಬೇಕಮ್ಮಾ? ನೀರು ತರಿಸ್ಲಾ?"

ಅವರ ನೆರಳು ಬಿದ್ದು ಚೀಟಿಯ ಅಕ್ಷರಗಳೆಲ್ಲ ಮಂಕಾದವು.

"ಏನೂ ಬೇಡ ಸಾರ್. ಬಿಸಿಲಿಗೆ ಅಡ್ಡ ನಿಂತಿದ್ದೀರ, ಸ್ವಲ್ಪ ಸರೀತೀರಾ?"

"ಅಯ್ಯೋ, ಡಯೋಜನೀಸ್ ಅಲೆಕ್ಸಾಂಡರನಿಗೆ ಹೇಳಿದ್ದೂ ಇದನ್ನೇ ಅಲ್ವೇನ್ರೀ!" ಡ್ರಿಲ್ ಮಾಸ್ಟರು ಮೇಜು ಗುದ್ದಿ ನಕ್ಕರು. ಟೀಚರಮ್ಮ ನಾಲಿಗೆ ಕಚ್ಚಿಕೊಂಡಳು. ಹೆಡ್‌ಮಾಸ್ಟರರು ಮಾತ್ರ ಬಾಯ್ತುಂಬಾ ನಗುತ್ತ ಪಕ್ಕಕ್ಕೆ ಸರಿದು, ಡಸ್ಟರ್ ಎತ್ತಿಕೊಂಡು, ತಮ್ಮ ಅಲೆಕ್ಸಾಂಡರನನ್ನು ತಾವೇ ಒರೆಸಿದರು.