ಕಳಚಿಟ್ಟ ಕಾಲುಹಲಗೆ

"ನೋಡೇ ರಿಸ್ತೆನ್, ಹಿಮ ಒಂದು ಚೂರೂ ನಿಂತಿಲ್ಲ!" ಹಿಮಸಾರಂಗದ ಮಂದೆ ಸುತ್ತಿ ಬಂದ ಯೋವ್ನಾ, ಹಿಮದ ಮೇಲೋಡುವ ಸ್ನೋಮೊಬೈಲ್ ಗಾಡಿಯ ಪಕ್ಕಕ್ಕಿದ್ದ, ಕಾಲಿಡುವ ಹೊಸ ಕಾಲುಹಲಗೆ ತಟ್ಟಿದ. ಹಿಮ ಕೆಳಗೆ ಉದುರಿಹೋಗಲು ಮೈತುಂಬ ತೂತು, ತೂತಿನ ಅಂಚಿಗೆಲ್ಲ ಹಲ್ಲು. ಬೂಟು ಜಾರುವ ಮಾತೇ ಇಲ್ಲ.

"ಸಾಕು ಬಡಾಯಿ. ಈ ಬುದ್ಧಿ ಹೋದ್ವರ್ಷ ಬಂದಿದ್ರೆ ಭಾವ ಬದುಕಿರ್ತಿದ್ರು," ಎಂದಳು ಹೆಂಡತಿ.

ಯೋವ್ನಾ ಗಾಡಿ ಓಡಿಸುತ್ತಿದ್ದಾಗಲೇ, ಹಿಂದೆ ನಿಂತಿದ್ದ ಅಣ್ಣ ಆಸ್ಲಾತ್ ಹಿಮ ಕಟ್ಟಿದ ಹಳೇ ಹಲಗೆಯಿಂದ ಜಾರಿ, ಕೆರೆಯ ಮಂಜುಗಡ್ಡೆ ಒಡೆದು ಮುಳುಗಿದ್ದ.

ಯೋವ್ನಾ ಶೆಡ್ಡಿಗೆ ಹೋದ. ವಾರದ ಹಿಂದೆ ಕಳಚಿ ಒಲೆಯ ಪಕ್ಕ ನೆಲಕ್ಕೆ ಹಾಕಿದ್ದ ಹಳೇ ಹಲಗೆಗಳ ಮೇಲೆ ಹೊಸ ಹಿಮ ಮೆತ್ತಿತ್ತು. ಒಲೆ ಉರಿಯುತ್ತಿದ್ದರೂ ಕರಗಿರಲಿಲ್ಲ. ಅದರಲ್ಲಿ ಮೂತಿ ಚೂಪಾದ ತೊಗಲುಬೂಟಿನ ಎರಡು ಗುರುತು. ಮನೆಯಲ್ಲಿ ಅಂಥದ್ದು ಮೆಟ್ಟುತ್ತಿದ್ದವನು ಅಣ್ಣ ಒಬ್ಬನೇ.

ಅವನು ನೋಡುತ್ತಿದ್ದಂತೆಯೇ, ಯಾರೋ ಮೈಭಾರ ಬದಲಿಸಿದ ಹಾಗೆ, ಎಡಗಾಲಿನ ಗುರುತು ಇನ್ನಷ್ಟು ಆಳಕ್ಕೆ ಇಳಿಯಿತು.