ಬಿಳಿ ಚಿಟ್ಟೆ, ಕಂದು ಚಿಟ್ಟೆ

ಟ್ಯೂಬ್‌ಲೈಟು ಹಾಕಿದ್ದೇ ತಡ, ಕಂದು ಬಣ್ಣದ ಪತಂಗವೊಂದು ಕಿಟಕಿಯಿಂದ ನುಗ್ಗಿ ಶಿವಮಲ್ಲಪ್ಪನವರ ಕೇಸರಿಬಾತಿನ ತಟ್ಟೆಯ ಅಂಚಿನಲ್ಲಿ ಕೂತಿತು. ಮಗ ಕಾಂತರಾಜುವಿಗೆ ಹೆಣ್ಣು ನೋಡಲು ದೇವನೂರಿನಿಂದ ಟಿ. ನರಸೀಪುರಕ್ಕೆ ಬಂದಿದ್ದ ಅವರು ಹೆಣ್ಣನ್ನು ಬಿಟ್ಟು ಅದನ್ನೇ ದುರುಗುಟ್ಟಿ ನೋಡಿದರು.

“ನಮ್ ಮುಸುಕಿನ ಜೋಳ ಮುಕ್ಕೋ ಸೈನಿಕ ಉಳ ಅದೆಯಲ್ಲ, ಅದ್ರ ಚಿಟ್ಟೆ ಕಣವ್ವ ಇದು. ರಾತ್ರಿಯೆಲ್ಲ ಊರೂರು ಸುತ್ತೋದೇ ಇದ್ರ ಕೆಲ್ಸ. ನಿಮ್ ರೇಷ್ಮೆ ಚಿಟ್ಟೆ ಇಂಗಲ್ಲ ಬುಡು.”

ಶಿವಮಲ್ಲಪ್ಪನವರು ಹುಷಾರಿನ ಮನುಷ್ಯರು. ಹುಡುಗಿ ರಂಜಿನಿ ಕೆಲಸ ಮಾಡುವ, ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸುವ ಬಿತ್ತನೆ ಕೋಠಿಗೆ ಮೊದಲೇ ಹೋಗಿ ಅವಳ ನಡತೆ ವಿಚಾರಿಸಿದ್ದರು. ಅಲ್ಲಿ ಯಾರೂ ಬಾಯಿ ಬಿಡದಿದ್ದರಿಂದ ಚಿಟ್ಟೆಗಳನ್ನಾದರೂ ನೋಡಿಕೊಂಡು ಬಂದಿದ್ದರು.

“ಎಷ್ಟು ಬೆಳ್ಳಗವೆ! ರೆಕ್ಕೆ ಇದ್ರೂ ಆರಾಕಿಲ್ಲ, ಇಟ್ಟ ಜಾಗದಲ್ಲೇ ಇರ್ತವೆ, ಉಣ್ಣಕ್ಕೂ ಕೇಳಾಕಿಲ್ಲ. ಮನೆಗೆ ಬರೋ ಸೊಸೆ ಅಂಗಿರ್ಬೇಕು. ಅದಕ್ಕೇ ಯೋಳೋದು, ಮದ್ವೆ ಆದ್ಮೇಲೆ ಈ ಕೆಲ್ಸಗಿಲ್ಸ ಬ್ಯಾಡ.”

ರಂಜಿನಿಯ ತಾಯಿ ಚಿಕ್ಕಬಸಮ್ಮ ತಲೆಯಾಡಿಸಿದರು. ಮೂರು ಸಂಬಂಧ ತಪ್ಪಿಹೋದ ಮೇಲೆ ಅವರ ತಲೆ ತಾನಾಗಿಯೇ ಆಡುವುದನ್ನು ಕಲಿತಿತ್ತು.

ಕೆಲಸ ಬಿಡುವ ಮಾತು ಕೇಳಿ ರಂಜಿನಿ ಅವರತ್ತ ತಿರುಗಿದಳು. “ಅವು ಉಣ್ಣಕ್ಕೆ ಕೇಳಲ್ಲ, ನಿಜ,” ಎಂದಳು. “ಅವಕ್ಕೆ ಬಾಯೇ ಸರಿಯಾಗಿ ಬೆಳ್ದಿರಲ್ಲ.”

“ಇನ್ನೂ ಒಳ್ಳೇದೇ ಆಯ್ತಲ್ಲ!” ಶಿವಮಲ್ಲಪ್ಪನವರು ಹೊಟ್ಟೆ ಕುಣಿಸಿ ನಕ್ಕರು.

“ಮೊಟ್ಟೆ ಇಟ್ಟ ಮೇಲೆ ಅವನ್ನ ಏನ್ಮಾಡ್ತೀರಿ?” ಕಾಂತರಾಜು ಕೇಳಿದ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು.

“ತಾಯಿ ಚಿಟ್ಟೆನ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತೀವಿ, ಕಾಯಿಲೆ ಇತ್ತಾ ಅಂತ. ಇದ್ರೆ ಮೊಟ್ಟೆನೂ ಸುಟ್ಟಾಕ್ತೀವಿ. ಇಲ್ದಿದ್ರೆ ಮೊಟ್ಟೆ ಮಾತ್ರ ಇಟ್ಕೋತೀವಿ.”

ಕಾಂತರಾಜು ತಟ್ಟೆ ಕೆಳಗಿಟ್ಟ. ಅವನಪ್ಪ ಮಾತ್ರ ಕಂದು ಪತಂಗವನ್ನು ಬೆರಳಿನಿಂದ ಚಿಮ್ಮಿ, ಕೇಸರಿಬಾತು ಪೂರ್ತಿ ಮುಗಿಸಿಯೇ ಎದ್ದರು.

ಗೇಟಿನಾಚೆ ಚಪ್ಪಲಿ ಮೆಟ್ಟುತ್ತಾ ಚಿಕ್ಕಬಸಮ್ಮನಿಗೆ ಹೇಳಿದರು: “ಎಲ್ಲಾ ಸರಿಯಾಗೇ ಅದೆ ಕಣವ್ವ. ಬಾಯೊಂದು ಜಾಸ್ತಿ ಬೆಳೆದ್ಬುಟ್ಟದೆ. ಅದೊಂದು ಸರಿ ಮಾಡ್ಕೊಂಡ್ರೆ ನಮ್ದೇನೂ ತಕರಾರಿಲ್ಲ.”

ಚಿಕ್ಕಬಸಮ್ಮನ ತಲೆ ಎಂದಿನಂತೆ ಆಡಲು ಹೊರಟಿತು. ಅರ್ಧಕ್ಕೇ ನಿಂತಿತು.

“ಇಷ್ಟು ವರ್ಷ ಅನ್ನ ಇಕ್ಕಿ ನಾನೇ ಬೆಳೆಸಿದ ಬಾಯಿ ಕಣಣ್ಣ ಅದು,” ಎಂದು ಅವರು ಗೇಟಿನ ಚಿಲಕ ಹಾಕಿಕೊಂಡರು.